ಹನ್ನೊಂದನೇ ಪುಟದ ಹೆಂಗಸು

ಆತ್ಮೀಯರೇ,

ನಮ್ಮ ಪತ್ರಿಕೆಗೆ ನೀವು ಕಳಿಸಿದ ‘ದ್ವೇಷಾಪರಾಧ, ಸಂತ್ರಸ್ತರು ಮತ್ತು ಅಂತರ್‌ವಿಭಾಗೀಯತೆ: ಒಂದು ಅವಲೋಕನ’ ಲೇಖನವನ್ನು ಎರಡು ಸಲ ಓದಿದೆ. ಹದಿನಾಲ್ಕು ಪುಟ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ, ವಾಪಸ್ ಕಳಿಸಲೂ ಮನಸ್ಸು ಬರುತ್ತಿಲ್ಲ. ಕಾರಣ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಆ ಪದ. ‘ಅಂತರ್‌ವಿಭಾಗೀಯತೆ’ ಅಂದರೆ ನಮ್ಮ ಓದುಗರಿಗೆ ಬಸ್ ಡ್ರೈವರ್‌ಗಳ ವರ್ಗಾವಣೆ ನೆನಪಾಗುತ್ತದೆ. ಅಮೆರಿಕದ ಕಾನೂನು ಪ್ರಾಧ್ಯಾಪಕಿ ಕಿಂಬರ್ಲೆ ಕ್ರೆನ್‌ಶಾ 1989ರಲ್ಲಿ ಈ ವಿಚಾರಕ್ಕೆ ಹೆಸರಿಟ್ಟಾಗ ಕೊಟ್ಟ ಹೋಲಿಕೆ ನಾಲ್ಕು ರಸ್ತೆ ಕೂಡುವ ಜಾಗದ್ದು. ನಮ್ಮ ಗಾಂಧಿ ಸರ್ಕಲ್‌ನ ನಟ್ಟನಡುವೆ ನಿಂತರೆ ಗಾಡಿ ಯಾವ ಕಡೆಯಿಂದಲಾದರೂ ಗುದ್ದಬಹುದು, ಎರಡು ಕಡೆಯಿಂದ ಒಟ್ಟಿಗೇ ಗುದ್ದಬಹುದು, ಅಲ್ವಾ? ಜಾತಿ, ಹೆಣ್ಣುತನದ ಪೆಟ್ಟುಗಳೂ ಒಬ್ಬರ ಮೇಲೆ ಹಾಗೇ ಒಟ್ಟಿಗೆ ಬೀಳುತ್ತವೆ. ಇಂಟರ್‌ಸೆಕ್ಷನಾಲಿಟಿ ಅಂತಲೇ ಬರೆಯಿರಿ. ಒಂದು ಸಲ ಹೀಗೆ ಬಿಡಿಸಿ ಹೇಳಿ, ಮುಂದೆ ಹೋಗಿ.

ಇನ್ನು ಆ ಹೆಂಗಸು. ಹತ್ತು ಪುಟ ವ್ಯಾಖ್ಯಾನಗಳಲ್ಲಿ ಓಡಾಡಿಸಿ, ಹನ್ನೊಂದನೇ ಪುಟದಲ್ಲಿ ನೀವು ಮಂಡಕ್ಕಿ ಭಟ್ಟಿಯಲ್ಲಿ ಕೂಲಿ ಮಾಡುವ ಒಬ್ಬರನ್ನು ಕರೆತರುತ್ತೀರಿ. ದಲಿತ ಹೆಂಗಸು, ಒಂದು ಕಾಲು ಎಳೆದು ನಡೆಯುತ್ತಾರೆ. ಭಟ್ಟಿ ಮುಂದೆ ಬಿಸಿ ಮರಳಿನ ಝಳದಲ್ಲಿ ನಿಂತು ಬಾಯಾರಿದರೆ ಡ್ರಮ್ಮಿನ ಹತ್ತಿರ ಹೋಗುವಂತಿಲ್ಲ, ಇನ್ನೊಬ್ಬರು ಮೇಲಿಂದ ಸುರಿಯಬೇಕು. ಒಂದು ದಿನ ತಾವೇ ಮೊಗೆದು ಕುಡಿದರು. ಮೇಸ್ತ್ರಿ ಬೈದ. ಒಂದೇ ಬೈಗುಳ, ಅದರೊಳಗೆ ಜಾತಿ, ಕಾಲು, ಹೆಣ್ಣು ಮೂರೂ ಇದ್ದವು. ಸ್ಟೇಷನ್ನಿಗೆ ಹೋದರೆ ‘ಯಾವುದಕ್ಕಮ್ಮ ಬೈದಿದ್ದು, ಸರಿಯಾಗಿ ಹೇಳು’ ಅಂದರು. ಆಕೆ ನಿಮಗೆ ಹೇಳಿದ್ದು ಇದು: ‘ನಂಗೇನ್ ಗೊತ್ರೀ, ಅಲ್ಲಿ ನಾನು ಒಬ್ಳೇ ನಿಂತಿದ್ದೆ.’

ಇಂಥ ಮಾತನ್ನು ನೀವು ಅಡಿಟಿಪ್ಪಣಿಗೆ ಹಾಕಿದ್ದೀರಿ!

ಆಮೇಲೆ ಮಾಡಿದ್ದೇನು? ‘ಜಾತಿಯ ಆಯಾಮ’, ‘ಲಿಂಗದ ಆಯಾಮ’, ‘ಅಂಗವೈಕಲ್ಯದ ಆಯಾಮ’ ಅಂತ ಮೂರು ಉಪಶೀರ್ಷಿಕೆ ಕೊಟ್ಟು ಆಕೆಯನ್ನು ಮೂರು ಪಾಲು ಮಾಡಿದ್ದೀರಿ. ಸ್ಟೇಷನ್ನಿನವರು ಕೇಳಿದ್ದೂ ಅದನ್ನೇ. ಅಮೆರಿಕದ ಕೋರ್ಟ್ ಜನರಲ್ ಮೋಟಾರ್ಸ್ ಕೇಸಿನಲ್ಲಿ ಮಾಡಿದ್ದೂ ಅದನ್ನೇ. ಆ ಕೇಸು ನಿಮ್ಮ ಮೂರನೇ ಪುಟದಲ್ಲಿ ಸುಮ್ನೆ ಹೆಸರಾಗಿ ಬಂದು ಹೋಗುತ್ತದೆ. ಅದನ್ನು ಕಥೆಯಾಗಿ ಹೇಳಿ. 1964ಕ್ಕೆ ಮುಂಚೆ ಕಂಪನಿ ಕಪ್ಪು ಹೆಂಗಸರನ್ನು ಕೆಲಸಕ್ಕೆ ತೆಗೆದುಕೊಂಡಿರಲಿಲ್ಲ. ಮುಂದೆ ವ್ಯಾಪಾರ ಬಿದ್ದಾಗ, ಕೊನೆಗೆ ಸೇರಿದವರು ಮೊದಲು ಮನೆಗೆ ಹೋಗಬೇಕು ಅಂದರು. ಐವರು ಕೋರ್ಟಿಗೆ ಹೋದರು. ಹೆಂಗಸರನ್ನು ತೆಗೆದುಕೊಂಡಿದ್ದಾರಲ್ಲ ಅಂದಿತು ಕೋರ್ಟು, ಆದರೆ ಹಾಗೆ ತೆಗೆದುಕೊಂಡವರು ಬಿಳಿಯರು. ಬಣ್ಣದ ದೂರು ಬೇರೆ ಕೇಸಿನಲ್ಲಿ ಸೇರಿಸಿಕೊಳ್ಳಿ, ಎರಡನ್ನೂ ಕೂಡಿಸಿ ಹೊಸ ದೂರು ಮಾಡಬೇಡಿ ಅಂದಿತು. ಅದು 1976ರ ತೀರ್ಪು. ಕ್ರೆನ್‌ಶಾ ಹಿಡಿದುಕೊಂಡಿದ್ದು ಈ ಎಳೆಯನ್ನೇ. ನಿಮ್ಮ ಭಟ್ಟಿಯ ಹೆಂಗಸಿನ ಪಕ್ಕದಲ್ಲಿ ಇದನ್ನಿಟ್ಟರೆ ನೀವು ಜಾಸ್ತಿ ವಿವರಿಸಬೇಕಾಗಿಯೇ ಇಲ್ಲ.

ಎರಡು ತಪ್ಪು ತಿದ್ದಿಕೊಳ್ಳಿ. ಲಂಡನ್ನಿನ ಬಸ್ ಸ್ಟಾಪಿನಲ್ಲಿ 1993ರಲ್ಲಿ ಕೊಲೆಯಾದ ಕಪ್ಪು ಯುವಕ ಸ್ಟೀಫನ್ ಲಾರೆನ್ಸ್ ವಿಚಾರ ಬರೆದಿದ್ದೀರಿ. ಆ ಕೊಲೆಯ ಪೊಲೀಸ್ ತನಿಖೆ ಬಗ್ಗೆ ಬಂದ 1999ರ ಮ್ಯಾಕ್‌ಫರ್ಸನ್ ವರದಿಯ ಪ್ರಕಾರ, ಇದು ಜನಾಂಗದ್ವೇಷ ಅಂತ ಸಂತ್ರಸ್ತರಿಗೋ ಬೇರೆ ಯಾರಿಗೋ ಅನ್ನಿಸಿದರೆ ಸಾಕು, ಪೊಲೀಸರು ಹಾಗೇ ದಾಖಲಿಸಿಕೊಂಡು ತನಿಖೆ ಮಾಡಬೇಕು. ಅನ್ನಿಸಿದ ಮಾತ್ರಕ್ಕೆ ಅಪರಾಧ ಸಾಬೀತು ಅಂತ ಅದು ಹೇಳಿಲ್ಲ, ನೀವು ಹೇಳಿದ್ದೀರಿ.

ಇನ್ನೊಂದು, 2021ರ ಏಪ್ರಿಲ್‌ನ ಸುಪ್ರೀಂ ಕೋರ್ಟ್ ತೀರ್ಪು. ಆಂಧ್ರದ ಕೇಸು, ಕಣ್ಣು ಕಾಣದ ಪರಿಶಿಷ್ಟ ಜಾತಿಯ ಯುವತಿಯ ಮೇಲಿನ ಅತ್ಯಾಚಾರ. ಜಾತಿ, ಹೆಣ್ಣುತನ, ಅಂಗವೈಕಲ್ಯ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಅಂತ ನ್ಯಾಯಮೂರ್ತಿಗಳು ಉದ್ದಕ್ಕೆ ಬರೆದಿದ್ದು ನಿಜ. ‘ಆದ್ದರಿಂದ ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಶಿಕ್ಷೆಯಾಯಿತು’ ಅನ್ನುವುದು ಸುಳ್ಳು. ಅತ್ಯಾಚಾರಕ್ಕೆ ಜೀವಾವಧಿ ಉಳಿಯಿತು, ದೌರ್ಜನ್ಯ ಕಾಯ್ದೆಯಡಿಯ ಶಿಕ್ಷೆ ರದ್ದಾಯಿತು. ಘಟನೆ ಹಳೇ ಕಾನೂನಿನ ಕಾಲದ್ದು. ಆಗ ‘ಆ ಜಾತಿಯವಳು ಎಂಬ ಕಾರಣಕ್ಕೇ’ ಮಾಡಿದ್ದು ಅಂತ ಸಾಬೀತು ಮಾಡಬೇಕಿತ್ತು. 2016ರ ಜನವರಿಯಿಂದ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಜಾತಿ ಗೊತ್ತಿದ್ದೂ ಮಾಡಿದರೆ ಸಾಕು. ‘ಕಾರಣಕ್ಕೇ’ ಹೋಗಿ ‘ಗೊತ್ತಿದ್ದೂ’ ಬಂದಿದೆಯಲ್ಲ, ಅದರ ಮೇಲೆ ಒಂದು ಪುಟ ಬರೆದರೂ ನಾನು ಕತ್ತರಿ ಹಾಕುವುದಿಲ್ಲ. ಯಾವುದಕ್ಕೆ ಬೈದ ಅನ್ನುವ ಪ್ರಶ್ನೆಯ ಬುಡ ಅಲ್ಲೇ ಇದೆ.

ಆಕೆಯ ಬೀದಿ, ಭಟ್ಟಿ ಮಾಲೀಕನ ಹೆಸರಿನ ಮೊದಲಕ್ಷರ, ಮಗಳ ಶಾಲೆ, ಇವನ್ನೆಲ್ಲ ತೆಗೆಯಿರಿ. ಊರು ಚಿಕ್ಕದು. ಆಕೆ ಇನ್ನೂ ಅಲ್ಲೇ ಕೆಲಸಕ್ಕೆ ಹೋಗುತ್ತಿದ್ದಾರೆ ಅಂತ ನೀವೇ ಬರೆದಿದ್ದೀರಿ. ಡ್ರಮ್ಮು, ಬಿಸಿ ಮರಳು, ಆಕೆಯ ಮಾತು ಇರಲಿ.

ಹನ್ನೊಂದನೇ ಪುಟದಿಂದ ಶುರು ಮಾಡಿ. ಆರು ಪುಟ ಸಾಕು. ನನಗೆ ಕಳಿಸುವ ಮುಂಚೆ ಆಕೆಗೆ ಓದಿ ಹೇಳಿ, ಬೇಡ ಅಂದ ಸಾಲು ಹೊಡೆದುಹಾಕಿ. ಭಟ್ಟಿ ಹತ್ತಿರ ಮಾತ್ರ ಓದಬೇಡಿ, ಅಲ್ಲಿ ಕಿವಿಗಳು ಜಾಸ್ತಿ. ರಜೆಯ ದಿನ ಅವರ ಮನೆಗೇ ಹೋಗಿ.

ಇಂತಿ,
ಸಂಪಾದಕ
ದಾವಣಗೆರೆ