ಹಿರಿಯನಿಗೆ ಪಟ್ಟ: ಅದು ಆಗಿನ್ನೂ ರೂಢಿಯಾಗಿರಲಿಲ್ಲ

ಮಾನ್ಯರೇ,

ಜಪಾನನ್ನು ಆಳಿದ ಟೊಕುಗಾವಾ ಮನೆತನದ ಬಗ್ಗೆ ನೀವು ಬರೆದ ಪತ್ರ ಓದಿದೆ. ಸಮುರಾಯ್ ಮನೆಗಳಲ್ಲಿ ಪಟ್ಟ ಹಿರಿಯನಿಗೇ ಸಲ್ಲುತ್ತಿದ್ದುದರಿಂದ ಶೋಗನ್ (ನಾಡನ್ನಾಳುವ ಸೇನಾಧಿಪತಿ) ಇಯೆಮಿಟ್ಸುವಿಗೆ ತಮ್ಮ ಟಾಡನಾಗನ ಭಯವಿರಲಿಲ್ಲ, ಆ ತಮ್ಮನ ಸಾವಿಗೆ ಅಣ್ಣನ ಕ್ರೌರ್ಯವೊಂದೇ ಕಾರಣ ಎಂದಿದ್ದೀರಿ. ಮೊದಲನೆಯ ಮಾತನ್ನು ನಾನು ಒಪ್ಪಲಾರೆ. ಅದು ಬಿದ್ದರೆ ಎರಡನೆಯದೂ ಗಟ್ಟಿಯಾಗಿ ನಿಲ್ಲುವುದಿಲ್ಲ.

ಇವರ ಅಜ್ಜ, ಈ ಮನೆತನದ ಮೊದಲ ಶೋಗನ್ ಇಯೆಯಾಸುವನ್ನೇ ನೋಡಿ. ಅವನ ಹಿರಿಯ ಮಗ 1579ರಲ್ಲಿ ತಂದೆಯ ಅಪ್ಪಣೆಯಂತೆಯೇ ಹೊಟ್ಟೆ ಸೀಳಿಕೊಂಡು ಸತ್ತ. ಎರಡನೆಯವನನ್ನು ದತ್ತು ಕೊಟ್ಟಾಗಿತ್ತು. 1605ರಲ್ಲಿ ಶೋಗನ್ ಪದವಿ ದೊರೆತದ್ದು ಮೂರನೆಯವನಾದ ಹಿಡೆಟಾಡನಿಗೆ. ಇಂಥ ಮನೆಯಲ್ಲಿ ಹಿರಿಯ ಮಗನಾಗಿ ಹುಟ್ಟಿದವನು ನಿಶ್ಚಿಂತೆಯಿಂದ ಬೆಳೆಯುವುದಾದರೂ ಹೇಗೆ?

ಹಿಡೆಟಾಡನಿಗೂ ಮಡದಿ ಓಎಯೊಗೂ 1604ರಲ್ಲಿ ಇಯೆಮಿಟ್ಸು ಹುಟ್ಟಿದ, ಎರಡು ವರ್ಷದ ಬಳಿಕ ಟಾಡನಾಗ. ಹಿರಿಯವನು ನರಪೇತಲ, ಮಾತು ತೊದಲು, ಕಿರಿಯವನು ಚುರುಕು. ಹೆತ್ತವರ ಒಲವು ಕಿರಿಯನತ್ತ ವಾಲಿತು, ಆಸ್ಥಾನದವರೂ ಅತ್ತಲೇ ವಾಲಿದರು. ದಾದಿ ಓಫುಕುವಿಗೆ ಅದನ್ನು ಸಹಿಸಲಾಗಲಿಲ್ಲ. ಇಸೆ ದೇಗುಲದ ಯಾತ್ರೆಯ ನೆಪ ಹೇಳಿ ಶೋಗನ್‌ನ ಊರಾದ ಎಡೊದಿಂದ (ಇಂದಿನ ಟೋಕಿಯೊ) ಹೊರಟವಳು ಸುನ್‌ಪುವಿನಲ್ಲಿದ್ದ ಇಯೆಯಾಸುವಿಗೆ ದೂರು ಒಯ್ದಳಂತೆ. ಮುದುಕ ಎಡೊ ಕೋಟೆಗೆ ಬಂದ. ಹಿರಿಯ ಮೊಮ್ಮಗನನ್ನು ತನ್ನ ಪಕ್ಕದ ಎತ್ತರದ ಜಾಗಕ್ಕೆ ಕರೆದು ಕೂರಿಸಿಕೊಂಡ. ಹಿಂದೆಯೇ ಹತ್ತಲು ಬಂದ ಕಿರಿಯನನ್ನು ಕೆಳಗೇ ತಡೆದ. ಸಿಹಿ ತಿಂಡಿಯೂ ಮೊದಲು ಅಣ್ಣನಿಗೆ, ಆಮೇಲೆ ತಮ್ಮನಿಗೆ. ಕಥೆಗೆ ಬಾಯಿಂದ ಬಾಯಿಗೆ ಬಣ್ಣ ಏರಿರಬಹುದು. ಆದರೆ ರೂಢಿ ಗಟ್ಟಿಯಾಗಿದ್ದಿದ್ದರೆ ಅದನ್ನು ಹೀಗೆ ಎಲ್ಲರ ಕಣ್ಣೆದುರು ಆಡಿ ತೋರಿಸುವ ಅಗತ್ಯವೇ ಇರುತ್ತಿರಲಿಲ್ಲ.

1623ರಲ್ಲಿ ಇಯೆಮಿಟ್ಸು ಶೋಗನ್ ಆದ. ಟಾಡನಾಗನಿಗೆ ಅಜ್ಜನ ಊರು ಸುನ್‌ಪು ಇರುವ ಸುರುಗಾ ಪ್ರಾಂತ್ಯ ಸೇರಿದಂತೆ 5.5 ಲಕ್ಷ ಕೊಕು ಉತ್ಪತ್ತಿಯ ಸೀಮೆ ಸಿಕ್ಕಿತು. ಒಂದು ಕೊಕು ಎಂದರೆ ಒಬ್ಬ ಮನುಷ್ಯ ವರ್ಷವಿಡೀ ಉಣ್ಣುವಷ್ಟು ಅಕ್ಕಿ. ಅಷ್ಟಿದ್ದರೂ ಅವನಿಗೆ ಸಮಾಧಾನವಾಗಲಿಲ್ಲ. ತನ್ನ ಆಳುಗಳನ್ನೇ ಕೊಂದನೆಂಬ ದೂರುಗಳು ಬಂದವು. 1631ರಲ್ಲಿ ಅವನನ್ನು ಕಾಯ್ ಪ್ರಾಂತ್ಯದಲ್ಲಿ ನಿರ್ಬಂಧದಲ್ಲಿ ಇರಿಸಿದಾಗ ತಂದೆ ಇನ್ನೂ ಬದುಕಿದ್ದ ಎಂಬುದನ್ನು ದಯವಿಟ್ಟು ಗಮನಿಸಿ. ತಂದೆ 1632ರಲ್ಲಿ ತೀರಿಕೊಂಡ ಮೇಲೆ ಸೀಮೆಯೂ ಹೋಯಿತು. ಟಕಾಸಾಕಿಯ ಸೆರೆಯಲ್ಲಿ ಟಾಡನಾಗ ಪ್ರಾಣ ಕಳೆದುಕೊಂಡ. ಒಡಹುಟ್ಟಿದವನನ್ನು ಆ ಕೊನೆಗೆ ತಳ್ಳಿದ್ದನ್ನು ನಾನು ಸಮರ್ಥಿಸುವುದಿಲ್ಲ.

ಆದರೆ ಇಯೆಮಿಟ್ಸುವಿಗೆ ಇನ್ನೊಬ್ಬ ತಮ್ಮನಿದ್ದ. ಹಿಡೆಟಾಡನಿಗೆ ಬೇರೊಬ್ಬ ಹೆಣ್ಣಿನಲ್ಲಿ 1611ರಲ್ಲಿ ಹುಟ್ಟಿ, ಓಎಯೊಳ ಕಣ್ಣು ತಪ್ಪಿಸಿ ಹೋಶಿನಾ ಮನೆಯಲ್ಲಿ ಬೆಳೆದ ಮಸಾಯುಕಿ. ಹಕ್ಕು ಕೇಳದೆ ದೂರವೇ ಉಳಿದಿದ್ದ ಅವನನ್ನು ಅಣ್ಣನೇ ಹತ್ತಿರ ಕರೆದ, 1643ರಲ್ಲಿ ಐಜು ಸೀಮೆ ಕೊಟ್ಟ. 1651ರಲ್ಲಿ ಸಾಯುವ ಹೊತ್ತಿಗೆ ಇಯೆಮಿಟ್ಸು ಹಾಸಿಗೆಯ ಬಳಿಗೆ ಕರೆಸಿಕೊಂಡದ್ದು ಇವನನ್ನು. ಹತ್ತು ವರ್ಷವೂ ತುಂಬದ ಮಗ ಇಯೆಟ್ಸುನನನ್ನು ಒಪ್ಪಿಸಿದ್ದೂ ಇವನ ಕೈಗೇ.

— ಸಂಪಾದಕ