ಸೆಕೆಂಡ್ ಹ್ಯಾಂಡ್ ಕಾರು, ಹಳೇ ಓನರ್ ಹೆಸರಿನ ಇನ್ಶೂರೆನ್ಸ್: ಓಡಿಸಬಹುದಾ?

ಅಣ್ಣ, ಅಡಿಕೆ ಬೆಳೆಗಾರರ ಗುಂಪಲ್ಲಿ ಕಾರಿನ ವಿಷ್ಯ ಯಾಕೆ ಅಂತ ಯಾರೂ ಬೈಬೇಡಿ, ಇದು ನಮ್ಮಲ್ಲಿ ಮನೆಮನೆ ಕಥೆ. ನೀವು ಕೇಳಿದ್ದು, ಹಳೇ ವ್ಯಾಗನ್ ಆರ್ ತಗೊಂಡು ಎರಡು ತಿಂಗಳಾಯ್ತು, ಇನ್ಶೂರೆನ್ಸ್ ಮಾರಿದವ್ರ ಹೆಸರಲ್ಲೇ ಮಾರ್ಚ್ ತನಕ ಇದೆ, ಅಲ್ಲೀ ತನಕ ಹಂಗೇ ಓಡಿಸಬಹುದಾ ಅಂತ. ಮೇಲೆ ಕಾಮೆಂಟಲ್ಲಿ ಇಬ್ರು "ಏನೂ ಆಗಲ್ಲ ಓಡ್ಸಿ" ಅಂದಿದಾರೆ. ಅರ್ಧ ಸರಿ ಅಷ್ಟೇ.

ಕಾನೂನು ಕೇಳೋದು ಥರ್ಡ್ ಪಾರ್ಟಿ ಮಾತ್ರ, 1988ರ ಮೋಟಾರ್ ವಾಹನ ಕಾಯ್ದೆ ಸೆಕ್ಷನ್ 146. ನಮ್ಮ ಗಾಡಿ ಬೇರೆಯವ್ರಿಗೆ ಗುದ್ದಿದ್ರೆ ಅವ್ರಿಗೆ ಕೊಡೋ ಪರಿಹಾರ ಅದು. ಅದಿಲ್ದೆ ಸಿಕ್ಕಿಬಿದ್ರೆ ಮೊದಲ ಸಲ 2000 ದಂಡ, ಆಮೇಲೆ 4000, ಮೂರು ತಿಂಗಳ ತನಕ ಜೈಲೂ ಆಗಬಹುದು. ನಿಮ್ಮ ಕೇಸಲ್ಲಿ ಗಾಡಿ ಕೈ ಬದಲಾದ್ರೂ ಈ ಥರ್ಡ್ ಪಾರ್ಟಿ ಭಾಗ ಗಾಡಿ ಜೊತೆಗೇ ಬರುತ್ತೆ (ಸೆಕ್ಷನ್ 157), ಹಂಗಾಗಿ ಪೊಲೀಸರು ಹಿಡಿದ್ರೆ ಇನ್ಶೂರೆನ್ಸ್ ಇಲ್ಲ ಅನ್ನೋಕಾಗಲ್ಲ.

ಆದ್ರೆ ನಿಮ್ಮ ಕಾರೇ ಹಳ್ಳಕ್ಕೆ ಬಿದ್ರೆ? ಪಾಲಿಸಿ ಫಸ್ಟ್ ಪಾರ್ಟಿ (ಸ್ವಂತ ಕಾರಿನ ಡ್ಯಾಮೇಜಿಗೂ ದುಡ್ಡು ಕೊಡೋದು) ಇದ್ರೂ ಆ ಡ್ಯಾಮೇಜ್ ಭಾಗ ತಾನಾಗೇ ನಿಮಗೆ ಬರಲ್ಲ, 14 ದಿನದೊಳಗೆ ಕಂಪನಿಗೆ ಅರ್ಜಿ ಹಾಕಿ ಹೆಸರು ಬದಲಾಯಿಸ್ಕೋಬೇಕಿತ್ತು. ಈಗ ಕ್ಲೇಮ್ ಹಾಕಿದ್ರೆ ಪಾಲಿಸಿಲಿರೋ ಮನುಷ್ಯನಿಗೆ ಕಾರಿಲ್ಲ, ಕಾರಿರೋ ನಿಮಗೆ ಪಾಲಿಸಿ ಇಲ್ಲ ಅಂತ ಆರಾಮಾಗಿ ವಾಪಸ್ ಕಳಿಸ್ತಾರೆ. ಇನ್ನೊಂದು, ಓನರ್ ಡ್ರೈವರ್‌ಗೆ 15 ಲಕ್ಷದ ಆಕ್ಸಿಡೆಂಟ್ ಕವರ್ ಇರುತ್ತಲ್ಲ, ಅದಕ್ಕೆ ಆರ್‌ಸಿಲೂ ಪಾಲಿಸಿಲೂ ನಿಮ್ಮ ಹೆಸರೇ ಇರಬೇಕು, ಕೈಲಿ ಡಿಎಲ್ಲೂ ಬೇಕು. ಸ್ಟೇರಿಂಗ್ ಹಿಡಿದಿರೋದು ನೀವು, ಕವರ್ ಇನ್ನೊಬ್ರಿಗೆ, ಯೋಚನೆ ಮಾಡಿ.

ಮಾರಿದವ್ರಿಗೂ ಇದು ತಲೆನೋವೇ ಮಾರಾಯ್ರೆ. ನನ್ನ ಚಿಕ್ಕಪ್ಪನ ಮಗ ಹಳೇ ಮಾರುತಿ ಮಾರಿ, ಬರೀ ಒಂದು ಖಾಲಿ ಹಾಳೆ ಮೇಲೆ ಸೈನ್ ಹಾಕಿಸ್ಕೊಂಡು ಕೂತಿದ್ದ, ಒಂದೂವರೆ ವರ್ಷ ಆದ್ಮೇಲೆ ಆಕ್ಸಿಡೆಂಟ್ ಕೇಸಿನ ನೋಟೀಸ್ ಇವನ ಮನೆ ಬಾಗ್ಲಿಗೆ ಬಂತು, ತಗೊಂಡವನು ಇನ್ಶೂರೆನ್ಸ್ ರಿನೀವಲ್ಲೂ ಮಾಡಿಸಿರ್ಲಿಲ್ಲ. ಆರ್‌ಸಿಲಿ ಹೆಸರಿರೋನೇ ಓನರ್, ಅವನೇ ಜವಾಬ್ದಾರ ಅಂತ ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ಅದಕ್ಕೇ ನಿಮ್ಮ ಹಳೇ ಓನರಿಗೆ ಇದನ್ನ ಹೇಳಿ, ಅವರೇ ಓಡಿ ಬಂದು ಆರ್‌ಸಿಲಿ ಓನರ್ ಹೆಸರು ಬದಲಾಯಿಸೋ ಫಾರಂ 29, 30ಕ್ಕೆ ಸೈನ್ ಹಾಕ್ತಾರೆ! ಲೋನ್ ಇದ್ದ ಗಾಡಿ ಆದ್ರೆ ಬ್ಯಾಂಕಿನ ಎನ್‌ಒಸಿನೂ ಕೇಳಿ.

ಎನ್‌ಸಿಬಿ (ಕ್ಲೇಮ್ ಮಾಡ್ದೇ ಇದ್ದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ) ಬಗ್ಗೆ ಆಸೆ ಬೇಡ, ಅದು ಮನುಷ್ಯನದ್ದು, ಕಾರಿಂದಲ್ಲ. ಹೆಸರು ಬದಲಾಯಿಸುವಾಗ ಆ ವ್ಯತ್ಯಾಸದ ದುಡ್ಡು ನಿಮ್ಮ ಹತ್ರ ಕಟ್ಟಿಸ್ಕೊಳ್ತಾರೆ.

ಹಳೇ ಕಾರಿಗೆ ಫಸ್ಟ್ ಪಾರ್ಟಿ ಬೇಡ ಅನ್ಸಿದ್ರೆ ಮಾರ್ಚಲ್ಲಿ ಬರೀ ಥರ್ಡ್ ಪಾರ್ಟಿ ಮಾಡ್ಸಿ. 2022ರ ಜೂನಲ್ಲಿ ಸರ್ಕಾರ ಫಿಕ್ಸ್ ಮಾಡಿದ ರೇಟ್ ಪ್ರಕಾರ 1000 ಸಿಸಿ ಒಳಗಿನ ಕಾರಿಗೆ 2094, ಟ್ಯಾಕ್ಸ್ ಬೇರೆ, ಯಾವ ಕಂಪನಿಗೆ ಹೋದ್ರೂ ಅದೇ.

ಪಾಲಿಸಿ ಪೇಪರ್ ಬಂದ ದಿನವೇ ಕಾರಿನ ಪಕ್ಕ ನಿಂತು ಇಂಜಿನ್ ನಂಬರ್, ಚಾಸಿ ನಂಬರ್ ಒಂದೊಂದೇ ಅಕ್ಷರ ಹೋಲಿಸಿ. ನಂದ್ರಲ್ಲಿ 8 ಇರೋ ಕಡೆ ಬಿ ಹೊಡ್ದಿದ್ರು, ತಿದ್ದಿಸೋಕೆ ಮೂರು ಸಲ ಪೇಟೆಗೆ ಓಡಾಡಿದೀನಿ.