ನಾಮಕರಣದ ಉಡುಗೊರೆ ಕೆಟ್ಟರೆ ಅಂಗಡಿಗೆ ಯಾರು ಹೋಗಬೇಕು?

ಪ್ರಶ್ನೆ: ಹೋದ ತಿಂಗಳು ಹಾಸನದ ಛತ್ರದಲ್ಲಿ ನಮ್ಮ ಮಗಳ ನಾಮಕರಣ ಆಯಿತು. ಮುಯ್ಯಿ ಜೊತೆ ಸಾಮಾನುಗಳೂ ಜಾಸ್ತಿ ಬಂದವು. ಮೂರು ವಾಕರ್, ಎರಡು ಸ್ನಾನದ ಟಬ್, ಈಗಲೇ ಚಿಕ್ಕದಾಗುತ್ತಿರುವ ಹನ್ನೊಂದು ಫ್ರಾಕ್. ನಾದಿನಿ ಕೊಟ್ಟ ಕರೆಂಟಿನ ಉಯ್ಯಾಲೆ ಒಂಬತ್ತನೇ ದಿನಕ್ಕೆ ನಿಂತುಹೋಯಿತು. ಕವರ್ ಮೇಲಿದ್ದ ಹೆಸರು ನೋಡಿಕೊಂಡು ಅಂಗಡಿಗೆ ಹೋದರೆ, "ಕೊಂಡವರೇ ಬರಬೇಕು, ಬಿಲ್ ತರಬೇಕು" ಅಂದರು. ಗಲ್ಲಾ ಹಿಂದೆ "ಮಾರಿದ ಸಾಮಾನು ವಾಪಸ್ ಇಲ್ಲ" ಎಂಬ ಬೋರ್ಡು ಬೇರೆ. ನಾದಿನಿಯ ಹತ್ತಿರ ಬಿಲ್ ಕೇಳಲು ಮುಜುಗರ. ಅಮೆರಿಕದಲ್ಲಿರುವ ಅಕ್ಕ, "ಅಲ್ಲಿ ರಿಜಿಸ್ಟ್ರಿ ಅಂತ ಇರುತ್ತೆ, ಇಷ್ಟೆಲ್ಲಾ ತಾಪತ್ರಯವೇ ಇಲ್ಲ" ಅನ್ನುತ್ತಾಳೆ. ನಾನು ಏನು ಮಾಡಲಿ ಮೇಡಂ?
– ಹೆಸರು ಬೇಡ, ಅರಸೀಕೆರೆ

ಉತ್ತರ: ಮೊದಲು ಉಯ್ಯಾಲೆಯ ವಿಷಯ ನೋಡೋಣ. ಅದಕ್ಕೆ ದಿನ ಎಣಿಸಬೇಕಾಗಿದೆ.

"ಕೊಂಡವರೇ ಬರಬೇಕು" ಎಂಬ ಮಾತನ್ನು ನಂಬಿ ಎಷ್ಟೋ ಜನ ಸುಮ್ಮನಾಗುತ್ತಾರೆ. ಅದು ಸರಿಯಲ್ಲ. ನಮ್ಮ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರದ್ದು, ಜಾರಿಗೆ ಬಂದದ್ದು 2020ರ ಜುಲೈನಲ್ಲಿ. ಗ್ರಾಹಕ ಎಂದರೆ ದುಡ್ಡು ಕೊಟ್ಟವರು ಮಾತ್ರ ಎಂದು ಅದರಲ್ಲಿ ಇಲ್ಲ. ಕೊಂಡವರ ಒಪ್ಪಿಗೆಯಿಂದ ಆ ಸಾಮಾನು ಬಳಸುವವರೂ ಗ್ರಾಹಕರೇ. ನಾದಿನಿ ಪ್ರೀತಿಯಿಂದ ತಂದುಕೊಟ್ಟರು, ನೀವು ಬಳಸಿದಿರಿ. ಅಂಗಡಿಯವರ ಮುಂದೆ ನಿಂತು ಕೇಳುವ ಹಕ್ಕು ನಿಮಗೆ ಪೂರ್ತಿ ಇದೆ.

ಇನ್ನು ಆ ಬೋರ್ಡು. ಕೆಟ್ಟ ಸಾಮಾನಿನ ಮುಂದೆ ಅದಕ್ಕೆ ಬೆಲೆಯಿಲ್ಲ. ದೋಷವಿರುವ ಸಾಮಾನನ್ನು ವಾಪಸ್ ತೆಗೆದುಕೊಳ್ಳದೆ, ದುಡ್ಡೂ ಕೊಡದೆ ಕಳಿಸುವುದನ್ನು ಇದೇ ಕಾಯ್ದೆ ಅನುಚಿತ ವ್ಯಾಪಾರ ಪದ್ಧತಿ ಎನ್ನುತ್ತದೆ. ಬಿಲ್‌ನಲ್ಲಿ ಇಷ್ಟು ದಿನ ಎಂದು ಬರೆದಿದ್ದರೆ ಆ ಗಡುವು, ಬರೆದಿರದಿದ್ದರೆ 30 ದಿನ. ನಿಮ್ಮದು ಆಗಲೇ ಹೋದ ತಿಂಗಳಿನ ವಿಷಯ. "ಕಂಪನಿಯವರು ಬರಲಿ, ಮುಂದಿನ ವಾರ ನೋಡೋಣ" ಎಂಬ ಮಾತಿಗೆ ಕಾಯಬೇಡಿ. ಇವತ್ತೇ ಅಂಗಡಿಗೆ ಒಂದು ವಾಟ್ಸಾಪ್ ಮೆಸೇಜ್ ಹಾಕಿ. ಯಾವ ಸಾಮಾನು, ಯಾವತ್ತು ಕೊಂಡದ್ದು, ಯಾವತ್ತು ನಿಂತದ್ದು, ನಿಮಗೆ ಏನಾಗಬೇಕು, ಇಷ್ಟೇ ಬರೆಯಿರಿ. ಸ್ವಿಚ್ ಹಾಕಿದರೂ ಉಯ್ಯಾಲೆ ಅಲುಗಾಡದ ಒಂದು ಚಿಕ್ಕ ವೀಡಿಯೊ ಜೊತೆಗಿರಲಿ. ಬಾಯಲ್ಲಿ ಹೇಳಿದ್ದಕ್ಕೆ ತಾರೀಕು ಇರುವುದಿಲ್ಲ, ಬರೆದದ್ದಕ್ಕೆ ಇರುತ್ತದೆ.

ಬಿಲ್ ಕೇಳುವ ಮುಜುಗರ ನನಗೆ ಅರ್ಥವಾಗುತ್ತದೆ. ನಮ್ಮ ಕಡೆ ಮುಯ್ಯಿ ಬರೆಯಲು ಪುಸ್ತಕ ಇಟ್ಟು ಒಬ್ಬರನ್ನು ಕೂರಿಸುತ್ತೇವೆ. ಯಾರು ಎಷ್ಟು ಹಾಕಿದರು ಎಂದು ಒಂದು ರೂಪಾಯಿ ಬಿಡದೆ ಬರೆಸುತ್ತೇವೆ. ಆದರೆ ಕೊಟ್ಟ ಸಾಮಾನಿನ ಬಿಲ್ ಕೇಳಿದರೆ ಮಾತ್ರ ಬೆಲೆ ಕೇಳಿದ ಹಾಗಾಗುತ್ತದೆ, ಅಲ್ವಾ? ಹಾಗಾಗಿ ಬಿಲ್ ಎನ್ನಬೇಡಿ, ವಾರಂಟಿ ಎನ್ನಿ. "ನಿನ್ನ ಉಯ್ಯಾಲೆಯಲ್ಲಿ ಹಾಕಿದರೆ ಅಳು ನಿಲ್ಲಿಸುತ್ತಿದ್ದಳು ಕಣೇ, ಈಗ ಮೋಟಾರ್ ಓಡ್ತಿಲ್ಲ, ವಾರಂಟಿಗೆ ಬೇಕಂತೆ, ಒಂದು ಫೋಟೋ ಕಳಿಸು" ಎಂದು ಹೇಳಿ ನೋಡಿ. ತಾನು ಕೊಟ್ಟದ್ದು ಮೂಲೆಗೆ ಬಿದ್ದಿದೆ ಎಂದು ಆರು ತಿಂಗಳ ಮೇಲೆ ಗೊತ್ತಾದರೆ ಅವರಿಗೆ ಇದಕ್ಕಿಂತ ಜಾಸ್ತಿ ಬೇಜಾರಾಗುತ್ತದೆ.

ಬಿಲ್ ಕಳೆದುಹೋಗಿದ್ದರೂ ದಾರಿ ಇದೆ. ಫೋನ್‌ಪೇ, ಗೂಗಲ್ ಪೇ ಮಾಡಿದ್ದರೆ ಅದರಲ್ಲಿ ತಾರೀಕು, ಮೊತ್ತ, ಅಂಗಡಿಯ ಹೆಸರು ಮೂರೂ ಇರುತ್ತವೆ. ಸೀಲ್ ಹಾಕಿದ ವಾರಂಟಿ ಕಾರ್ಡ್ ಕೂಡ ಪುರಾವೆಯೇ. ಅಂಗಡಿಯವರು ಬಿಲ್ಲನ್ನೇ ಕೊಟ್ಟಿರಲಿಲ್ಲ ಎಂದಾದರೆ, ಅದೇ ಅವರದ್ದೊಂದು ತಪ್ಪು. ಡಬ್ಬದ ಬದಿಯನ್ನೂ ನೋಡಿ. ತಯಾರಕರ ಹೆಸರು, ಎಂಆರ್‌ಪಿ ಇರುವ ಕಡೆಯೇ ಗ್ರಾಹಕರ ದೂರಿಗೆ ಒಂದು ಫೋನ್ ನಂಬರ್ ಇರಲೇಬೇಕು ಎಂದು ನಿಯಮವಿದೆ. ಅದಕ್ಕೇ ನಾನು ಮಗುವಿನ ಸಾಮಾನಿನ ಡಬ್ಬವನ್ನು ಕೂಡಲೇ ಗುಜರಿಗೆ ಹಾಕಬೇಡಿ ಎನ್ನುವುದು.

ಬಿಲ್ ಇಟ್ಟುಕೊಳ್ಳುವ ಬಗ್ಗೆಯೂ ಒಂದು ಮಾತು. ನನ್ನ ಮೊಮ್ಮಗನಿಗೆ ತಂದಿದ್ದ ಬಾಟಲಿ ಸ್ಟೆರಿಲೈಸರ್ ಏಳನೇ ತಿಂಗಳಿಗೆ ಕೆಟ್ಟಿತು. ಬಿಲ್ಲನ್ನು ಬೀರುವಿನಲ್ಲಿ ಜೋಪಾನವಾಗಿ ಇಟ್ಟಿದ್ದೆ. ತೆಗೆದು ನೋಡಿದರೆ ಬರೀ ಬಿಳಿ ಕಾಗದ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ತಾರೀಕಿನ ಎರಡು ಅಂಕಿ ಮಾತ್ರ ಮಸುಕಾಗಿ ಕಂಡವು. ಈಗಿನ ಮಷಿನ್ ಬಿಲ್‌ಗಳಲ್ಲಿ ಶಾಯಿ ಇರುವುದಿಲ್ಲ. ಕಾಗದಕ್ಕೆ ಬಿಸಿ ತಾಗಿ ಅಕ್ಷರ ಮೂಡುತ್ತದೆ, ದಿನ ಕಳೆದಂತೆ ಅಳಿಸಿಹೋಗುತ್ತದೆ. ಲ್ಯಾಮಿನೇಶನ್ ಮಾಡಿಸಲು ಹೋದರೆ ಆ ಬಿಸಿಗೆ ಪೂರ್ತಿ ಕಪ್ಪಾಗುತ್ತದೆ. ಕೈಗೆ ಬಂದ ದಿನವೇ ಫೋಟೋ ತೆಗೆದಿಡಿ. ಉಡುಗೊರೆ ಕೊಡುವವರು ಇದನ್ನು ಓದುತ್ತಿದ್ದರೆ, ಬೆಲೆ ಕಾಣದ ಹಾಗೆ ಬಿಲ್ ಮಡಚಿ ವಾರಂಟಿ ಕಾರ್ಡಿನ ಒಳಗಿಟ್ಟು ಕೊಡಿ. ಯಾರೂ ತಪ್ಪು ತಿಳಿಯುವುದಿಲ್ಲ.

ಇಷ್ಟಾದರೂ ಅಂಗಡಿಯವರು ಬಗ್ಗದಿದ್ದರೆ 1915ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೂ ಮಾತಾಡಬಹುದು. ಆಮೇಲೂ ಆಗದಿದ್ದರೆ ಹಾಸನದಲ್ಲೇ ಜಿಲ್ಲಾ ಗ್ರಾಹಕರ ಆಯೋಗ ಇದೆ. 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕ ಇಲ್ಲ, ವಕೀಲರು ಬೇಕೇಬೇಕು ಎಂದೂ ಇಲ್ಲ. ಎರಡು ವರ್ಷದೊಳಗೆ ದೂರು ಕೊಡಬೇಕು. ನಾನು ಕಂಡ ಹಾಗೆ, ತಾರೀಕು ಹಾಕಿ ಬರೆದ ಮೆಸೇಜ್ ನೋಡಿದ ಮೇಲೆ ಹೆಚ್ಚಿನ ಅಂಗಡಿಯವರು ಅಲ್ಲಿಯವರೆಗೆ ಬೆಳೆಸುವುದಿಲ್ಲ.

ಈಗ ಟಬ್, ಫ್ರಾಕು. ಇಲ್ಲಿ ನಿಮಗೆ ಕಾನೂನು ನೆರವಾಗುವುದಿಲ್ಲ. ಅವು ಕೆಟ್ಟಿಲ್ಲ, ನಿಮಗೆ ಬೇಡವಾಗಿವೆ ಅಷ್ಟೇ. ಬೇಡವಾದದ್ದನ್ನು ಬದಲಿಸಿ ಕೊಡುವುದು ಅಂಗಡಿಯವರ ಒಳ್ಳೆಯತನ. ಅಂಗಡಿಯವರೇ ಎಕ್ಸ್‌ಚೇಂಜ್ ಇದೆ ಎಂದು ಬರೆದಿದ್ದರೆ ಮಾತ್ರ ಒತ್ತಾಯ ಮಾಡಬಹುದು. ಚೀಟಿ ಕೀಳದೆ, ಒಗೆಯದೆ ಇದ್ದರೆ ದೊಡ್ಡ ಸೈಜಿಗೆ ಬದಲಿಸಿಕೊಡಿ ಎಂದು ಕೇಳಿ. ದುಡ್ಡು ಕೇಳಬೇಡಿ. ಸಂತೆ ದಿನ, ಹಬ್ಬದ ವಾರ ಬಿಟ್ಟು, ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೆ ಹೋಗಿ. ಹಾಲಿನ ಬಾಟಲಿ, ನಿಪ್ಪಲ್, ಬಿಚ್ಚಿದ ಡೈಪರ್ ಪ್ಯಾಕ್ ವಾಪಸ್ ತೆಗೆದುಕೊಳ್ಳುವುದಿಲ್ಲ. ಅದು ನ್ಯಾಯವೇ, ಇನ್ನೊಂದು ಮಗುವಿನ ಬಾಯಿಗೆ ಹೋಗುವ ಸಾಮಾನು ಅದು.

ವಾಕರ್ ಮಾತ್ರ ಮೂರನ್ನೂ ವಾಪಸ್ ಕೊಡಿ, ಒಂದನ್ನೂ ಇಟ್ಟುಕೊಳ್ಳಬೇಡಿ. ಮಕ್ಕಳ ವೈದ್ಯರು ಗಾಲಿಯ ವಾಕರ್ ಬೇಡ ಎನ್ನುತ್ತಾರೆ. ಕೆನಡಾದಲ್ಲಿ 2004ರಲ್ಲೇ ಅದನ್ನು ನಿಷೇಧಿಸಿದ್ದಾರೆ. ಮೆಟ್ಟಿಲಿನಿಂದ ಉರುಳುತ್ತವೆ, ಬಿಸಿ ಪಾತ್ರೆ ಕೈಗೆ ಎಟುಕುತ್ತದೆ. ಎತ್ತರದ ಹೊಸ್ತಿಲು, ಜಗಲಿ ಇರುವ ನಮ್ಮ ಮನೆಗಳಲ್ಲಿ ಭಯ ಇನ್ನೂ ಜಾಸ್ತಿ.

ನಿಮ್ಮ ಅಕ್ಕ ಹೇಳುವುದೂ ಸುಳ್ಳಲ್ಲ. ಹುಟ್ಟುವ ಮಗುವಿಗೆ ಬೇಕಾದ ಸಾಮಾನಿನ ಪಟ್ಟಿಯನ್ನು ಅಲ್ಲಿ ಅಂಗಡಿಯಲ್ಲೇ ಬರೆಸುತ್ತಾರೆ. ಒಬ್ಬರು ಕೊಂಡದ್ದು ಪಟ್ಟಿಯಲ್ಲಿ ಗುರುತಾಗುತ್ತದೆ, ಹಾಗಾಗಿ ಮೂರು ವಾಕರ್ ಬರುವುದು ಕಡಿಮೆ. ಪಟ್ಟಿಯ ಸಾಮಾನು ವಾಪಸ್ ಕೊಡಲು ದೊಡ್ಡ ಅಂಗಡಿಗಳು ಒಂದು ವರ್ಷದವರೆಗೂ ಕಾಲ ಕೊಡುವುದುಂಟು. ಆದರೆ ಬೇಡವಾದದ್ದನ್ನು ವಾಪಸ್ ತೆಗೆದುಕೊಳ್ಳುವುದು ಅಲ್ಲೂ ಹೆಚ್ಚಾಗಿ ಅಂಗಡಿಯ ನೀತಿಯೇ. ನಮ್ಮಲ್ಲಿ ಮನೆಯ ಒಬ್ಬರು ಪಟ್ಟಿ ಮಾಡಿ ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದರೆ ಅರ್ಧ ಕೆಲಸ ಆದಂತೆ. ಬಾಣಂತಿಯ ಬದಲು ಅಜ್ಜಿ ಅಥವಾ ಚಿಕ್ಕಮ್ಮ ಹಾಕಿದರೆ ಯಾರಿಗೂ ಮುಜುಗರವಿಲ್ಲ.

ಪ್ರಶ್ನೆ: ಬೆಂಗಳೂರಿನ ತಮ್ಮ ಆನ್‌ಲೈನ್‌ನಲ್ಲಿ ತಳ್ಳುಗಾಡಿ ಕಳಿಸಿದ. ಬಾಣಂತನದ ಗಡಿಬಿಡಿಯಲ್ಲಿ ಹದಿನೈದು ದಿನ ಡಬ್ಬ ಬಿಚ್ಚಲಿಲ್ಲ. ಬಿಚ್ಚಿದರೆ ಒಂದು ಗಾಲಿ ಮುರಿದಿದೆ. ವಾಪಸ್ ಗಡುವು ಮುಗಿದಿದೆ ಅನ್ನುತ್ತಿದ್ದಾರೆ.
– ಓದುಗರು, ಸಕಲೇಶಪುರ

ಉತ್ತರ: ಆರ್ಡರ್ ತಮ್ಮನ ಖಾತೆಯಲ್ಲಿದೆ, ಹಾಗಾಗಿ ದೂರು ಅಲ್ಲಿಂದಲೇ ಹೋಗಲಿ. ಆ್ಯಪ್‌ನ ಗುಂಡಿ ಒತ್ತಿ ಸುಮ್ಮನಾಗಬೇಡಿ, ಆ ಆನ್‌ಲೈನ್ ಕಂಪನಿಯ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಆ ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿತು ಎಂದು ತಿಳಿಸಬೇಕು, ಒಂದು ತಿಂಗಳೊಳಗೆ ಬಗೆಹರಿಸಬೇಕು. ದೋಷವಿರುವ ಸಾಮಾನನ್ನು ವಾಪಸ್ ತೆಗೆದುಕೊಳ್ಳಲ್ಲ ಎನ್ನಲು ಮಾರುವವರಿಗೆ ಅವಕಾಶ ಇಲ್ಲ. ಆದರೆ ಗಾಲಿ ನಿಮ್ಮ ಮನೆಯಲ್ಲಿ ಮುರಿಯಲಿಲ್ಲ ಎಂದು ತೋರಿಸುವುದು ಹದಿನೈದು ದಿನದ ಮೇಲೆ ಕಷ್ಟ. ಮುಂದಿನ ಸಲ ಡಬ್ಬ ಬಂದ ದಿನವೇ ಮನೆಯ ಯಾರಾದರೂ ಬಿಚ್ಚಲಿ, ಬಿಚ್ಚುವುದನ್ನು ಇನ್ನೊಬ್ಬರು ವೀಡಿಯೊ ಮಾಡಲಿ.

ಪ್ರಶ್ನೆ: ತೊಟ್ಟಿಲು ಶಾಸ್ತ್ರಕ್ಕೆ ಸೋದರಮಾವ ಹಾಕಿದ ಒಂದೂವರೆ ಗ್ರಾಂ ಚಿನ್ನದ ಉಂಗುರದಲ್ಲಿ ಹಾಲ್‌ಮಾರ್ಕ್ ಇಲ್ಲ. ಅಂಗಡಿಯವರು ಮೋಸ ಮಾಡಿದರಾ?
– ಓದುಗರು, ಬೇಲೂರು

ಉತ್ತರ: ಅಷ್ಟಕ್ಕೇ ಮೋಸ ಎನ್ನಲಾಗುವುದಿಲ್ಲ. 2021ರ ಜೂನ್ 16ರಿಂದ ಹಂತ ಹಂತವಾಗಿ ಚಿನ್ನದ ಒಡವೆಗೆ ಹಾಲ್‌ಮಾರ್ಕ್ ಕಡ್ಡಾಯ ಮಾಡುತ್ತಾ ಬಂದಿದ್ದಾರೆ. ಆದರೆ 2 ಗ್ರಾಂಗಿಂತ ಕಡಿಮೆ ತೂಕದ್ದಕ್ಕೆ ವಿನಾಯಿತಿ ಇದೆ. ಮಗುವಿನ ಉಂಗುರ, ಓಲೆ ಎಷ್ಟೋ ಸಲ ಅದರೊಳಗೇ ಬರುತ್ತವೆ. ಮಾವನ ಹತ್ತಿರ ಬಿಲ್ ಇದೆಯಾ ಕೇಳಿ. ಅದರಲ್ಲಿ ಎಷ್ಟು ಕ್ಯಾರೆಟ್, ಎಷ್ಟು ತೂಕ, ಕೂಲಿ ಎಷ್ಟು ಎಂದು ಬೇರೆ ಬೇರೆ ಬರೆದಿರಬೇಕು. ಅನುಮಾನ ಉಳಿದರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮಾನ್ಯತೆ ಇರುವ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ, ಆ ವರದಿಯನ್ನು ಬಿಲ್ ಜೊತೆ ಹಿಡಿದುಕೊಂಡು ಅಂಗಡಿಗೆ ಹೋಗಿ.